ಅನುದಾನ ತಂದುಕೊಟ್ಟ ಕಿಲೋಮೀಟರ್ ಪುಸ್ತಕ

ನಮ್ಮ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಉದ್ದನೆಯ ನೋಟ್‌ಬುಕ್ ಒಂದು ಯಾವಾಗಲೂ ಇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತುತ್ತೇವೆ. ಹೊರಟ ಹೊತ್ತು, ಮೀಟರ್ ಎಷ್ಟಿತ್ತು, ಯಾವ ಮನೆಗೆ ಹೋದೆವು, ಅಲ್ಲಿ ಎಷ್ಟು ಹೊತ್ತು ಇದ್ದೆವು, ವಾಪಸ್ ಬಂದಾಗ ಮೀಟರ್ ಎಷ್ಟು. ಅದರಲ್ಲಿರುವುದು ಇಷ್ಟೇ. ಡೀಸೆಲ್ ಲೆಕ್ಕಕ್ಕೆ ಅಂತ ನಮ್ಮ ಡ್ರೈವರಣ್ಣ ಬರೆಯಲು ಶುರು ಮಾಡಿದ ಪುಸ್ತಕ ಅದು. ಮುಂದೆ ಅದೇ ನಮ್ಮ ಕೈ ಹಿಡಿಯುತ್ತದೆ ಅಂತ ನನಗಾಗಲಿ ಅವನಿಗಾಗಲಿ ಗೊತ್ತಿರಲಿಲ್ಲ.

ನಮ್ಮದು ಮೂಡಿಗೆರೆ ತಾಲ್ಲೂಕಿನ ಸಣ್ಣ ಟ್ರಸ್ಟ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವುದು ನಮ್ಮ ಕೆಲಸ. ಲಕ್ವ ಹೊಡೆದವರು, ಕ್ಯಾನ್ಸರಿನ ಕೊನೆಯ ಹಂತದವರು, ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರು. ಗಾಯ ತೊಳೆದು ಡ್ರೆಸ್ಸಿಂಗ್ ಮಾಡಬೇಕು, ಮೂತ್ರದ ಪೈಪ್ ಬದಲಿಸಬೇಕು, ನೋವಿನ ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ ಅಂತ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ ಅಂತ ಮನೆಯವರಿಗೆ ಕಲಿಸಬೇಕು. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಪಕ್ಕದ ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲೇ ಇದು ಶುರುವಾಯಿತು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆ ಅಂತಲೇ ಒಂದು ನೀತಿ ತಂದಿತು. ನಮ್ಮ ಸಿಸ್ಟರ್ ತರಬೇತಿ ಪಡೆದು ಬಂದದ್ದೂ ಕೇರಳದಲ್ಲೇ.

ಇಷ್ಟು ವರ್ಷ ಊರಿನವರ ದುಡ್ಡಿನಲ್ಲೇ ನಡೆಯಿತು. ಕಾಫಿ ಮಾರಿದ ಮೇಲೆ ಬೆಳೆಗಾರರು ಕೈಲಾದಷ್ಟು ಕೊಡುತ್ತಿದ್ದರು. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಖಾತೆ ತುಂಬಿರುತ್ತಿತ್ತು. ಆಗಸ್ಟ್ ಹೊತ್ತಿಗೆ ಖಾಲಿ. ಮಲೆನಾಡಿನಲ್ಲಿ ಕಾಯಿಲೆಯವರ ಪಾಡು ಬಿಗಡಾಯಿಸುವುದು ಆ ತಿಂಗಳಲ್ಲೇ ಅಲ್ವಾ? ಬಟ್ಟೆ ಒಣಗುವುದಿಲ್ಲ, ಹಾಸಿಗೆ ಥಂಡಿ, ಗಾಯ ಮಾಯುವುದಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ಘಾಟಿಯ ರಸ್ತೆಯೂ ಬಂದ್ ಆಗಿತ್ತಲ್ಲ, ಆ ವಾರ ನಮ್ಮ ಕೈಯಲ್ಲಿ ಎರಡು ದಿನದ ಡೀಸೆಲ್ಲಿಗೆ ಆಗುವಷ್ಟು ದುಡ್ಡೂ ಇರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

2024ರ ಜೂನ್‌ನಲ್ಲಿ ಒಬ್ಬ ಡಾಕ್ಟರು ಫೋನ್ ಮಾಡಿ ಒಂದು ಆರೋಗ್ಯ ಪ್ರತಿಷ್ಠಾನದ ವಿಷಯ ಹೇಳಿದರು. ನಮ್ಮ ಕಡೆಯ ಜಿಲ್ಲೆಗಳ ಸಣ್ಣ ಸಂಸ್ಥೆಗಳಿಗೆ ಮಾತ್ರ ಅನುದಾನ ಕೊಡುವವರು. ಮೊದಲು ಎರಡು ಪುಟದ ಟಿಪ್ಪಣಿ ಕಳಿಸಬೇಕು, ಅದು ಒಪ್ಪಿಗೆಯಾದರೆ ಪೂರ್ತಿ ಅರ್ಜಿ. ಟಿಪ್ಪಣಿಗೆ ಕೊನೇ ದಿನ ಜುಲೈ 15. ಆ ತಿಂಗಳೇ ಡೀಸೆಲ್ ಲೀಟರಿಗೆ ಮೂರು ರೂಪಾಯಿ ಮೇಲೆ ಏರಿತ್ತು. ಹಾಕಿಯೇ ಬಿಡೋಣ ಅಂತ ತೀರ್ಮಾನಿಸಿದೆವು.

ಮೊದಲ ಹತ್ತು ದಿನ ಕಾಗದಪತ್ರಕ್ಕೇ ಹೋಯಿತು. ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆ ಇಲಾಖೆಯ 12ಎಬಿ (ಟ್ರಸ್ಟಿಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಆದೇಶ, ಮೂರು ವರ್ಷದ ಆಡಿಟ್ ಆದ ಲೆಕ್ಕ, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲಿನ ನಂಬರ್, ಟ್ರಸ್ಟಿಗಳ ಸಭೆಯ ನಿರ್ಣಯ, ಕ್ಯಾನ್ಸಲ್ ಮಾಡಿದ ಚೆಕ್. ಪ್ರತಿಷ್ಠಾನಕ್ಕೆ ಬರುವ ದುಡ್ಡಿನಲ್ಲಿ ಕಂಪನಿಗಳ ಸಿಎಸ್‌ಆರ್ ಹಣವೂ, ಅಂದರೆ ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಅಂತ ಕೊಡುವ ಹಣವೂ ಇತ್ತು. ಹಾಗಾಗಿ ಅಂಥ ಹಣ ಪಡೆಯುವ ಸಂಸ್ಥೆಗಳಿಗೆ ಅಂತ ಇರುವ ಸಿಎಸ್‌ಆರ್-1 ನೋಂದಣಿ ಕೂಡ ಬೇಕು ಅಂದರು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. 12ಎಬಿ ಮತ್ತು 80ಜಿ ಎರಡೂ ಇದ್ದು, ಕೆಲಸ ಮಾಡಿದ ಮೂರು ವರ್ಷದ ದಾಖಲೆ ಇದ್ದರೆ ಮಾತ್ರ ನಮ್ಮಂಥವರಿಗೆ ಸಿಗುತ್ತಿತ್ತು. ಅರ್ಜಿಗೆ ಒಬ್ಬ ಟ್ರಸ್ಟಿಯ ಡಿಜಿಟಲ್ ಸಹಿ ಬೇಕು, ಅದರ ಮೇಲೆ ಸಿಎ, ಕಂಪನಿ ಸೆಕ್ರೆಟರಿ ಇಲ್ಲವೇ ಕಾಸ್ಟ್ ಅಕೌಂಟೆಂಟ್ ಒಬ್ಬರ ಸಹಿಯೂ ಬೇಕು.

ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ನಮ್ಮ ಟ್ರಸ್ಟಿನ ಹೆಸರಲ್ಲಿ ಮಲೆನಾಡು ಅನ್ನುವ ಪದ ಇದೆ. ಡೀಡ್ ಕನ್ನಡದಲ್ಲಿರುವುದರಿಂದ ಅದರಲ್ಲಿ ತೊಂದರೆ ಇಲ್ಲ. ಇಂಗ್ಲಿಷಿಗೆ ಬಂದಾಗ ಪ್ಯಾನ್ ಕಾರ್ಡಿನಲ್ಲಿ ‘ಮಲ್ನಾಡ್’ ಆಗಿದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಮಲೆನಾಡು’. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈಗ ಆನ್‌ಲೈನ್ ಫಾರಂ ಒಪ್ಪುತ್ತಿಲ್ಲ. ಬ್ಯಾಂಕಿಗೆ ಮೂರು ಸಲ ಹೋದೆ. ಮೂರನೇ ಸಲ ಅಲ್ಲಿನ ಹುಡುಗಿಯೊಬ್ಬಳು, ‘ಮೇಡಂ, ಪ್ಯಾನ್ ಪ್ರಕಾರ ಹೆಸರು ಬದಲಾಯಿಸಿ ಅಂತ ನಿರ್ಣಯ ಬರೆದು, ಇಬ್ಬರು ಟ್ರಸ್ಟಿಗಳ ಸಹಿ ಹಾಕಿ ಕೊಡಿ, ನಾನೇ ಕೂತು ಮಾಡಿಸ್ತೀನಿ’ ಅಂದಳು. ಮಾಡಿಸಿಯೂ ಕೊಟ್ಟಳು. ಸಂಸ್ಥೆ ನಡೆಸುವವರು ಇದನ್ನು ಓದುತ್ತಿದ್ದರೆ ಇವತ್ತೇ ಪ್ಯಾನ್, ಪಾಸ್‌ಬುಕ್, 12ಎಬಿ ಆದೇಶ, ದರ್ಪಣ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರ ನೋಡಿ. 12ಎಬಿ ಮತ್ತು 80ಜಿ ಆದೇಶದಲ್ಲಿ ಯಾವ ವರ್ಷದವರೆಗೆ ಅಂತ ಬರೆದಿದೆ ಅನ್ನುವುದನ್ನೂ ನೋಡಿ. ಮೊದಲಿನ ಹಾಗೆ ಒಮ್ಮೆ ಸಿಕ್ಕರೆ ಶಾಶ್ವತ ಅನ್ನುವ ಕಾಲ 2021ಕ್ಕೆ ಮುಗಿಯಿತು. ನಮ್ಮದು ಐದು ವರ್ಷಕ್ಕೆ ಅಂತ ಸಿಕ್ಕಿತ್ತು.

ಆಮೇಲೆ ಎರಡು ಪುಟದ ಟಿಪ್ಪಣಿ. ಬರೆಯಲು ಕೂತವಳು ನಾನು. ‘ಒಟ್ಟು ಎಷ್ಟು ಫಲಾನುಭವಿಗಳು? ಒಬ್ಬರಿಗೆ ತಗಲುವ ವೆಚ್ಚ ಎಷ್ಟು?’ ಅಂತ ಒಂದು ಪ್ರಶ್ನೆ ಇತ್ತು. ನಾವು ನೋಡಿಕೊಳ್ಳುತ್ತಿದ್ದದ್ದು 38 ಜನರನ್ನು. ಆ ಸಂಖ್ಯೆ ಬರೆದರೆ ಯಾರು ದುಡ್ಡು ಕೊಡುತ್ತಾರೆ ಅನ್ನಿಸಿತು. ಹಿಂದೆ ಒಂದು ಕಂಪನಿಗೆ ಅರ್ಜಿ ಹಾಕಿದಾಗ ‘ಸಂಖ್ಯೆ ತುಂಬಾ ಕಡಿಮೆ ಆಯ್ತು’ ಅಂತ ವಾಪಸ್ ಕಳಿಸಿದ್ದರು. ಆ ಭಯ ಒಳಗೇ ಇತ್ತು. ಹಾಗಾಗಿ ಬಣಕಲ್, ಗೋಣಿಬೀಡು, ಬಾಳೂರು ಕಡೆ ತಿಂಗಳಿಗೊಂದು ಕ್ಯಾಂಪ್ ಮಾಡುತ್ತೇವೆ, ಬಿಪಿ, ಶುಗರ್ ನೋಡುತ್ತೇವೆ, ವರ್ಷಕ್ಕೆ 1,200 ಜನರಿಗೆ ಅನುಕೂಲ ಅಂತ ಬರೆದೆ. ಮನೆ ಭೇಟಿಯನ್ನು ಕೊನೆಯಲ್ಲಿ ನಾಲ್ಕು ಸಾಲಿಗೆ ಇಳಿಸಿದೆ.

ಸಂಜೆ ಸಿಸ್ಟರಿಗೆ ಓದಿ ಹೇಳಿದೆ. ಅವರು ಆಗತಾನೇ ರೌಂಡ್ ಮುಗಿಸಿ ಬಂದಿದ್ದರು. ಕಾಲಿಗೆ ಹತ್ತಿದ್ದ ಇಂಬಳ ಕಿತ್ತು ಸುಣ್ಣ ಹಚ್ಚಿಕೊಳ್ಳುತ್ತಾ ಸುಮ್ನೆ ಕೇಳಿದರು. ಆಮೇಲೆ ಹೇಳಿದರು:

‘ಅಕ್ಕಾ, ಎದ್ದು ಕ್ಯಾಂಪಿಗೆ ಬರೋಕಾಗೋರಿಗೆ ನಾವ್ಯಾಕೆ ಬೇಕು? ಅವರು ಆಸ್ಪತ್ರೆಗೂ ಹೋಗ್ತಾರೆ. ಈ ಅರ್ಜಿಯಲ್ಲಿ ನಮ್ಮ ಜನ ಒಬ್ಬರೂ ಇಲ್ವಲ್ಲ.’

ನನಗೆ ಮಾತು ಹೊರಡಲಿಲ್ಲ. ಬಿಪಿ, ಶುಗರ್ ನೋಡಲು ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಅವರ ಕೆಲಸವನ್ನೇ ನಾನು ನಮ್ಮದು ಅಂತ ಬರೆದಿದ್ದೆ. ಪೂರ್ತಿ ಅಳಿಸಿದೆ. ಡ್ರೈವರಣ್ಣನ ಹತ್ತಿರ ಜೀಪಿನ ಪುಸ್ತಕ ಇಸಕೊಂಡೆ.

ಆ ರಾತ್ರಿ ಕರೆಂಟಿರಲಿಲ್ಲ. ಎಮರ್ಜೆನ್ಸಿ ಲೈಟಿನಲ್ಲಿ ಕೂತು ಒಂದು ವರ್ಷದ ಪುಟಗಳನ್ನು ಓದಿದೆ. ಒಂದು ದಿನದ್ದು ಹೀಗಿತ್ತು: ಬೆಳಿಗ್ಗೆ 8.20ಕ್ಕೆ ಹೊರಟದ್ದು. ಮೊದಲ ಮನೆ ಜಾವಳಿ ಕಡೆ, ಲಕ್ವದ ಅಜ್ಜ, ಹಿಮ್ಮಡಿಯ ಗಾಯ, ಒಂದು ಗಂಟೆ ಹತ್ತು ನಿಮಿಷ. ಎರಡನೆಯದು ಎಸ್ಟೇಟಿನ ಲೈನು ಮನೆ (ಕೂಲಿಯವರ ಸಾಲುಮನೆ), ಪೈಪ್ ಬದಲಾವಣೆ, 40 ನಿಮಿಷ. ಮೂರನೆಯದಕ್ಕೆ ‘ಹಳ್ಳ ತುಂಬಿದೆ, ಸಂಕದ ಮೇಲೆ ನಡೆದು ಹೋದದ್ದು, 25 ನಿಮಿಷ ಕಾಯ್ದೆ’ ಅಂತ ಅವನದೇ ದುಂಡನೆಯ ಅಕ್ಷರ. ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ. ನಾಲ್ಕನೆಯದು ಕೊಟ್ಟಿಗೆಹಾರದ ಹತ್ತಿರ. ವಾಪಸ್ 5.45. ಒಟ್ಟು 71 ಕಿಲೋಮೀಟರ್, ನಾಲ್ಕು ಮನೆ.

ವರ್ಷವಿಡೀ ಹಾಗೇ. ದಿನಕ್ಕೆ ನಾಲ್ಕು ಮನೆ, ಎಪ್ಪತ್ತರ ಹತ್ತಿರ ಕಿಲೋಮೀಟರ್, ವಾರಕ್ಕೆ ನಾಲ್ಕು ದಿನ. ತಿಂಗಳಿಗೆ 1,100 ಕಿಲೋಮೀಟರ್ ಮೇಲೆ. ನಮ್ಮ ಹಳೇ ಜೀಪು ಏರಿಳಿತದ ರಸ್ತೆಯಲ್ಲಿ ಲೀಟರಿಗೆ ಹತ್ತು ಕೊಟ್ಟರೆ ಜಾಸ್ತಿ. ತಿಂಗಳ ಡೀಸೆಲ್ಲೇ 10,000 ರೂಪಾಯಿ. ಪಟ್ಟಣದಲ್ಲಿ ಒಬ್ಬ ನರ್ಸ್ ದಿನಕ್ಕೆ ಹತ್ತು ಮನೆ ನೋಡಬಹುದೇನೋ. ಇಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ಹಳ್ಳ. ಅರ್ಜಿಯ ಮೊದಲ ಪ್ಯಾರಾಕ್ಕೆ ಬೇಕಾದದ್ದು ಆ ಪುಟದಲ್ಲಿತ್ತು. ಆ ದಿನದ ಪುಟವನ್ನು ಹಾಗೇ ನಕಲು ಮಾಡಿ ಟಿಪ್ಪಣಿ ಶುರು ಮಾಡಿದೆ.

ಟಿಪ್ಪಣಿ ಒಪ್ಪಿಗೆಯಾಯಿತು. ಆಗಸ್ಟಿನಲ್ಲಿ ಪೂರ್ತಿ ಅರ್ಜಿ, ಬಜೆಟ್ ಸಮೇತ. ಇನ್ನೊಬ್ಬ ನರ್ಸನ್ನು ಸೇರಿಸಿಕೊಂಡು, ಅವರಿಗೆ ಸ್ಕೂಟರಿನಲ್ಲಿ ಹತ್ತಿರದ ಹಳ್ಳಿಗಳನ್ನು ಕೊಟ್ಟು, 60 ಜನರನ್ನು ನೋಡುವುದು ನಮ್ಮ ಯೋಜನೆ. ಇಬ್ಬರ ಸಂಬಳ ತಿಂಗಳಿಗೆ ತಲಾ 18,000. ಡ್ರೈವರಣ್ಣನಿಗೆ 14,000. ಡೀಸೆಲ್ ವರ್ಷಕ್ಕೆ 1 ಲಕ್ಷ 20 ಸಾವಿರ. ಡ್ರೆಸ್ಸಿಂಗ್ ಸಾಮಾನು, ಮಾತ್ರೆ, ಪೈಪು, ಸಾಲಕ್ಕೆ ಕೊಡುವ ವಾಟರ್ ಬೆಡ್ಡುಗಳಿಗೆ ಒಂದೂವರೆ ಲಕ್ಷ. ಜೀಪಿನ ರಿಪೇರಿ, ಇನ್ಶೂರೆನ್ಸಿಗೆ 60,000. ತಿಂಗಳಿಗೆ ಎರಡು ದಿನ ಬರುವ ಡಾಕ್ಟರಿಗೆ 60,000. ಆಡಿಟ್ಟಿಗೆ 30,000. ಒಟ್ಟು 10 ಲಕ್ಷ 20 ಸಾವಿರ.

ಅರವತ್ತು ಜನರಿಗೆ ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ 17,000. ಕ್ಯಾಂಪಿನ ಲೆಕ್ಕದ ಪಕ್ಕದಲ್ಲಿಟ್ಟರೆ ದುಬಾರಿಯಾಗಿಯೇ ಕಾಣುತ್ತದೆ. ಅದನ್ನು ಮುಚ್ಚಿಡಲಿಲ್ಲ. ಅದರ ಕೆಳಗೇ ಇನ್ನೊಂದು ಲೆಕ್ಕ ಬರೆದೆವು. ಇಬ್ಬರೂ ಸೇರಿ ವರ್ಷಕ್ಕೆ 1,500 ಭೇಟಿ, ಒಂದು ಭೇಟಿಗೆ 680 ರೂಪಾಯಿ. ಅದೇ ಅಜ್ಜನನ್ನು ಡ್ರೆಸ್ಸಿಂಗಿಗೆ ಮೂಡಿಗೆರೆಗೆ ಕರೆತಂದು ವಾಪಸ್ ಬಿಡಲು ಬಾಡಿಗೆ ಜೀಪಿಗೆ 1,500ಕ್ಕೆ ಕಡಿಮೆ ಇಲ್ಲ. ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಸಂಕದ ಮೇಲೆ ಕುರ್ಚಿಯಲ್ಲಿ ಹೊತ್ತು ತರಲು ನಾಲ್ಕು ಜನ ಬೇಕು. ಆ ನೋವನ್ನು ಯಾವ ಕಾಲಂನಲ್ಲಿ ಬರೆಯುವುದು?

ಸೆಪ್ಟೆಂಬರಿನಲ್ಲಿ ಪ್ರತಿಷ್ಠಾನದಿಂದ ಫೋನ್ ಬಂತು. ಬಜೆಟ್ಟಿನಲ್ಲಿ ಸಂಬಳವೇ ಜಾಸ್ತಿ ಇದೆ, ಸಿಎಸ್‌ಆರ್ ಹಣದಲ್ಲಿ ಆಡಳಿತ ವೆಚ್ಚ ಶೇಕಡಾ 5ಕ್ಕಿಂತ ಹೆಚ್ಚು ಇರುವಂತಿಲ್ಲ ಅಂದರು. ಒಬ್ಬ ನರ್ಸನ್ನು ಬಿಟ್ಟು, ಆ ದುಡ್ಡಿಗೆ ಉಪಕರಣ ತಗೊಳ್ಳಬಹುದಲ್ಲ ಅಂತಲೂ ಸೂಚಿಸಿದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಕೈಕಾಲು ತಣ್ಣಗಾಯಿತು. ನಮ್ಮ ಆಡಿಟರ್ ಹತ್ತಿರ ಓಡಿದೆ.

ಅವರು ನಿಯಮವನ್ನೇ ತೆಗೆದು ತೋರಿಸಿದರು. ಶೇಕಡಾ 5ರ ಮಿತಿ ಇರುವುದು ನಿಜ. ಆದರೆ ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡಿಕೊಳ್ಳುವ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ಜಾರಿ ಮಾಡಲು, ಅದರ ಮೇಲೆ ಕಣ್ಣಿಡಲು ನೇರವಾಗಿ ಆಗುವ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ ಅಂತ ನಿಯಮದಲ್ಲೇ ಬಿಡಿಸಿ ಹೇಳಿದೆ. ‘ನಿಮ್ಮ ಸಿಸ್ಟರ್ ಆಫೀಸಲ್ಲಿ ಕೂತು ಫೈಲು ನೋಡ್ತಾರಾ? ಇಲ್ವಲ್ಲ. ಅವರೇ ಯೋಜನೆ. ಹಾಗಂತ ಬರೀರಿ’ ಅಂದರು.

ಹಾಗೇ ಬರೆದೆ. ಗಾಯ ತೊಳೆಯುವ ಕೈಯೇ ನಮ್ಮ ಉಪಕರಣ, ಆ ಕೈಯನ್ನು ಗಾಯದ ಹತ್ತಿರ ಒಯ್ಯುವುದು ಡೀಸೆಲ್ಲು, ಇವೆರಡನ್ನೂ ತೆಗೆದರೆ ಉಳಿಯುವುದು ಬೀರುವಿನಲ್ಲಿರುವ ಸಾಮಾನು ಮಾತ್ರ ಅಂತ. ನಿಯಮದ ಆ ಸಾಲನ್ನೂ ಸೇರಿಸಿದೆ. ಟ್ಯಾಬು, ಬ್ಯಾನರ್, ಕರಪತ್ರ ಏನೂ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಜಗಳದ ದನಿ ಬರದ ಹಾಗೆ ಎರಡು ಸಲ ತಿದ್ದಿದೆ. ಸಂಬಳ ಕೇಳಲು ನಾಚಿಕೊಳ್ಳುವ ನಮ್ಮಂಥ ಸಂಸ್ಥೆಗಳು ಎಷ್ಟಿವೆಯೋ. ನಾಚಿಕೊಂಡು ಉಪಕರಣ ಕೇಳುತ್ತೇವೆ, ಅದನ್ನು ಬಳಸುವವರಿಗೆ ಸಂಬಳವಿಲ್ಲದೆ ಉಪಕರಣ ಮೂಲೆ ಸೇರುತ್ತದೆ. ಇಂಥ ವೀಲ್‌ಚೇರುಗಳನ್ನು, ಆಕ್ಸಿಜನ್ ಯಂತ್ರಗಳನ್ನು ನಾನೇ ಕಂಡಿದ್ದೇನೆ.

ಉತ್ತರವಾಗಿ, ಬಂದು ನೋಡುತ್ತೇವೆ ಅಂದರು. ಸೆಪ್ಟೆಂಬರ್ ಕೊನೆಗೆ ಇಬ್ಬರು ಬಂದರು, ಒಬ್ಬ ಹಿರಿಯರು, ಒಬ್ಬ ಹುಡುಗಿ. ಟ್ರಸ್ಟಿನ ಆಫೀಸಿನಲ್ಲಿ ಕಾಫಿ ಕೊಟ್ಟು ಕೂರಿಸುವ ಏರ್ಪಾಡಾಗಿತ್ತು. ಸಿಸ್ಟರ್ ಬೇಡ ಅಂದರು. ‘ಇವತ್ತು ಅಜ್ಜನ ಡ್ರೆಸ್ಸಿಂಗ್ ದಿನ. ಅವರೂ ಬರಲಿ.’

ಜೀಪು ಸಂಕದ ಹತ್ತಿರ ನಿಂತಿತು. ಅಲ್ಲಿಂದ ನಡಿಗೆ. ಹುಡುಗಿಯ ಶೂ ಕೆಸರಲ್ಲಿ ಹೂತು ಹೋಯಿತು. ಡ್ರೈವರಣ್ಣ ತನ್ನ ಹವಾಯಿ ಚಪ್ಪಲಿ ಕೊಟ್ಟು ಬರಿಗಾಲಲ್ಲಿ ನಡೆದ. ಅಜ್ಜನ ಕೋಣೆಯಲ್ಲಿ ಬೆಳಕು ಸಾಲದು, ಕಿಟಕಿ ಚಿಕ್ಕದು. ಸೊಸೆ ಬಿಸಿನೀರು ತಂದಿಟ್ಟಳು. ಸಿಸ್ಟರ್ ಹಳೇ ಪಟ್ಟಿ ಬಿಚ್ಚಿದರು. ವಾಸನೆ ಬಂತು. ಹಿರಿಯರು ಹಿಂದೆ ಸರಿಯಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಟಾರ್ಚ್ ಹಾಕಿ ಹಿಮ್ಮಡಿಯ ಹತ್ತಿರ ಹಿಡಿದರು. ಸಿಸ್ಟರ್ ಸಲೈನಿನಲ್ಲಿ ತೊಳೆದು, ಸತ್ತ ಚರ್ಮವನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ, ಅಂಚಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಸೊಸೆಗೆ ತೋರಿಸಿದರು. ‘ನೋಡವ್ವಾ, ಇಲ್ಲಿ ಹೊಸ ಮಾಂಸ ಬರ್ತಿದೆ. ನೀನು ಎರಡು ಗಂಟೆಗೊಂದ್ಸಲ ಹೊರಳಿಸಿದ್ದಕ್ಕೇ ಬಂದದ್ದು.’ ಆ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಐವತ್ತು ನಿಮಿಷ ಆ ಮನುಷ್ಯರು ಟಾರ್ಚ್ ಹಿಡಿದೇ ನಿಂತಿದ್ದರು. ನಡುವೆ ಒಮ್ಮೆ ಕೈ ಬದಲಿಸಿದರು, ಅಷ್ಟೇ.

ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲೇ ಹಿರಿಯರು ಕೇಳಬೇಕಾದ್ದನ್ನೆಲ್ಲ ಕೇಳಿದರು. ಸರ್ಕಾರಿ ಆಸ್ಪತ್ರೆಯವರಿಗೆ ನಿಮ್ಮ ವಿಷಯ ಗೊತ್ತಾ? ಸಿಸ್ಟರಿಗೆ ಹುಷಾರಿಲ್ಲದಿದ್ದರೆ ಯಾರು ಹೋಗ್ತಾರೆ? ಒಂದು ವರ್ಷದ ಮೇಲೆ ನಾವು ಕೊಡದಿದ್ದರೆ ಈ ಅಜ್ಜನ ಗತಿ? ಮೊದಲನೆಯದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಪತ್ರ ಇತ್ತು, ಆಶಾ ಅಕ್ಕಂದಿರ ಫೋನ್ ಪಟ್ಟಿಯೂ ಇತ್ತು. ಎರಡನೆಯದಕ್ಕೆ ಎರಡನೇ ನರ್ಸೇ ಉತ್ತರ. ಮೂರನೆಯದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಬೆಳೆಗಾರರ ದೇಣಿಗೆಯನ್ನು ಖರ್ಚು ಮಾಡದೆ ಆರು ತಿಂಗಳಿಗಾಗುವಷ್ಟು ಇಡಗಂಟು ಮಾಡುತ್ತೇವೆ, ಅಷ್ಟರೊಳಗೆ ಬೇರೆ ದಾರಿ ಹುಡುಕುತ್ತೇವೆ ಅಂದೆ. ಅವರು ಬರೆದುಕೊಂಡರು.

ಅಕ್ಟೋಬರ್ ಮೂರನೇ ವಾರ ಪತ್ರ ಬಂತು. 8 ಲಕ್ಷ 70 ಸಾವಿರ. ಜೀಪಿನ ರಿಪೇರಿ, ಡಾಕ್ಟರ ಗೌರವಧನ, ಆಡಿಟ್ ಮೂರನ್ನೂ ನೀವೇ ನೋಡಿಕೊಳ್ಳಿ ಅಂದಿದ್ದರು. ಎರಡು ನರ್ಸ್, ಡ್ರೈವರ್, ಡೀಸೆಲ್, ಡ್ರೆಸ್ಸಿಂಗ್ ಸಾಮಾನು ಒಂದು ರೂಪಾಯಿ ಕಡಿತವಾಗದೆ ಇದ್ದವು. ಎರಡು ಕಂತು, ಮೊದಲು ಶೇಕಡಾ 60, ಉಳಿದದ್ದು ಆರು ತಿಂಗಳ ವರದಿ ನೋಡಿದ ಮೇಲೆ. ಮೂರು ತಿಂಗಳಿಗೊಮ್ಮೆ ವರದಿ, ವರ್ಷದ ಕೊನೆಗೆ ಆಡಿಟರ್ ಸಹಿಯ ಹಣ ಬಳಕೆ ಪ್ರಮಾಣಪತ್ರ. ನವೆಂಬರ್ ಮೊದಲ ವಾರ ಖಾತೆಗೆ 5 ಲಕ್ಷ 22 ಸಾವಿರ ಬಂತು. ಅಜ್ಜ ಅಷ್ಟು ಹೊತ್ತಿಗೆ ತೀರಿಕೊಂಡು ಒಂಬತ್ತು ದಿನವಾಗಿತ್ತು. ಹಿಮ್ಮಡಿಯ ಗಾಯ ಪೂರ್ತಿ ಮಾದಿತ್ತು. ಸೊಸೆ ಫೋನ್ ಮಾಡಿ ಹೇಳಿದ್ದೂ ಅದನ್ನೇ, ‘ಗಾಯ ಇಲ್ದೇ ಹೋದ್ರು ಅಮ್ಮಾ.’ ಅವರಿಗೆ ಕೊಟ್ಟಿದ್ದ ವಾಟರ್ ಬೆಡ್ಡನ್ನು ಅವಳೇ ತೊಳೆದು, ಒಣಗಿಸಿ, ಮಡಚಿ ಸಂಕದವರೆಗೆ ತಂದುಕೊಟ್ಟಳು.

ಎರಡನೇ ನರ್ಸ್ ಸಿಗಲು ಒಂದು ತಿಂಗಳು ತಡವಾಯಿತು. ಇಲ್ಲಿಯ ಹಳ್ಳಿಗಳಿಗೆ ಬರಲು ಒಪ್ಪುವವರು ಕಡಿಮೆ. ಕೊನೆಗೆ ಬಂದದ್ದು ಕಳಸದ ಕಡೆಯ ಹುಡುಗಿ, ಆಸ್ಪತ್ರೆಯ ಕೆಲಸ ಬಿಟ್ಟು ಬಂದಳು.

ಮೊದಲ ವರದಿ ಫೆಬ್ರವರಿ 10ಕ್ಕೆ ಕೊಡಬೇಕಿತ್ತು. ಆ ಹೊತ್ತಿಗೆ ರೋಬಸ್ಟಾ ಕೊಯ್ಲು ಜೋರು. ಕಾಫಿಗೆ ಯಾವತ್ತೂ ಕಾಣದ ರೇಟು ಬಂದಿತ್ತು, ಮನೆಯಲ್ಲಿ ಕೈಕಾಲು ಆಡುವವರೆಲ್ಲ ತೋಟಕ್ಕೆ ಹೊರಟರು. ಲೈನು ಮನೆಗಳಿಗೆ ಹೋದರೆ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಹಾಸಿಗೆ ಹಿಡಿದವರು ಒಬ್ಬರೇ. ಪಕ್ಕದಲ್ಲಿ ಒಂದು ಚೊಂಬು ನೀರು, ಮುಚ್ಚಿಟ್ಟ ಗಂಜಿ. ಹೊರಳಿಸುವವರಿಲ್ಲ. ಮಾಯುತ್ತಿದ್ದ ಗಾಯಗಳು ಮತ್ತೆ ಬಾಯಿ ಬಿಡತೊಡಗಿದವು. ಕೂಲಿ ಬಿಟ್ಟು ಮನೆಯಲ್ಲಿ ಕೂರಿ ಅಂತ ಯಾವ ಬಾಯಲ್ಲಿ ಹೇಳುವುದು? ವರ್ಷದ ಸಾಲ ತೀರುವುದು ಆ ಎರಡು ಮೂರು ತಿಂಗಳಲ್ಲಿ.

ವರದಿಯ ಫಾರಂನಲ್ಲಿ ಭೇಟಿಯ ಸಂಖ್ಯೆಗೆ ಜಾಗವಿತ್ತು, ಖರ್ಚಿಗೆ ಜಾಗವಿತ್ತು, ಇದಕ್ಕೆ ಇರಲಿಲ್ಲ. ‘ಇತರೆ’ ಅನ್ನುವಲ್ಲಿ ಬರೆದೆ. ಹನ್ನೊಂದು ಮನೆಗಳ ಹೆಸರಿಲ್ಲದ ಪಟ್ಟಿ, ಯಾರು ಎಷ್ಟು ಗಂಟೆ ಒಬ್ಬರೇ ಇರುತ್ತಾರೆ ಅಂತ. ಅದೂ ಜೀಪಿನ ಪುಸ್ತಕದಿಂದಲೇ. ಡಿಸೆಂಬರಿನಿಂದ ಡ್ರೈವರಣ್ಣ ತಾನಾಗಿಯೇ ಪ್ರತಿ ಮನೆಯ ಮುಂದೆ ‘ಒಬ್ಬರೇ’ ಅಂತ ಗುರುತು ಹಾಕುತ್ತಾ ಬಂದಿದ್ದ.

ವರದಿ ಕಳಿಸಿ ನಾಲ್ಕು ದಿನಕ್ಕೆ ಪ್ರತಿಷ್ಠಾನದ ಆ ಹುಡುಗಿಯ ಫೋನು. ‘ಮೇಡಂ, ಇತರೆ ಕಾಲಂ ಓದಿದೆ. ಏನು ಮಾಡಬಹುದು ಅಂತೀರಿ?’ ಎರಡನೇ ನರ್ಸ್ ತಡವಾಗಿ ಬಂದದ್ದರಿಂದ ಒಂದು ತಿಂಗಳ ಸಂಬಳ 18,000 ಉಳಿದಿತ್ತು. ತೋಟದ ಕೆಲಸ ಬಿಟ್ಟಿರುವ, ಲೈನಿನಲ್ಲೇ ಇರುವ ಇಬ್ಬರು ಹೆಂಗಸರಿಗೆ ದಿನಕ್ಕೆ 150 ರೂಪಾಯಿಯಂತೆ 60 ದಿನ ಕೊಟ್ಟರೆ ಸರಿಯಾಗಿ ಅಷ್ಟೇ ಆಗುತ್ತದೆ, ಅವರು ಮಧ್ಯಾಹ್ನ ಸುತ್ತು ಹಾಕಿ ಹೊರಳಿಸಿ, ನೀರು ಕುಡಿಸಿ, ಊಟ ಮಾಡಿಸಿ ಬರುತ್ತಾರೆ ಅಂದೆ. ಒಂದು ಪುಟದ ಪತ್ರ ಬರೆದು ಕಳಿಸಿ ಅಂದಳು. ಅನುಮತಿ ಪತ್ರ ಶುಕ್ರವಾರ ಬಂತು.

ಶನಿವಾರ, ಭಾನುವಾರ ಸಿಸ್ಟರ್ ಆ ಇಬ್ಬರನ್ನು ನಮ್ಮ ಆಫೀಸಿನ ಮಂಚದ ಹತ್ತಿರ ನಿಲ್ಲಿಸಿಕೊಂಡು, ನನ್ನನ್ನೇ ಮಲಗಿಸಿ, ಬೆನ್ನಿಗೆ ಕೈ ಕೊಡುವುದು ಹೇಗೆ, ಮೊಣಕಾಲು ಮಡಚಿ ಮಗ್ಗುಲಿಗೆ ತಿರುಗಿಸುವುದು ಹೇಗೆ ಅಂತ ಕಲಿಸಿದರು. ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಅವರು ಮೊದಲ ಮನೆಯ ಬಾಗಿಲು ತಟ್ಟಿದರು. ಅವರ ಕೈಗೂ ಡ್ರೈವರಣ್ಣ ಒಂದು ಹೊಸ ನೋಟ್‌ಬುಕ್ ಕೊಟ್ಟಿದ್ದ. ಇಬ್ಬರಲ್ಲಿ ಒಬ್ಬಾಕೆಗೆ ಓದು ಬರಹ ಬಾರದು. ಆಕೆ ಹೊರಳಿಸಿದ್ದಕ್ಕೆ ಒಂದು ಗೀಟು, ನೀರು ಕುಡಿಸಿದ್ದಕ್ಕೆ ಒಂದು ಚುಕ್ಕೆ ಹಾಕುತ್ತಾಳೆ.